ಕಾಲೇಜು ಹುಡುಗರಿಗೆ ಹೊರಾಂಗಣ ಸಾಹಸ ಕಲಿಸುವುದು: ಹಗ್ಗದಿಂದ ಶುರು ಮಾಡಲಾ, ನಕ್ಷೆಯಿಂದಲಾ?

ಹೊಸಮೇಷ್ಟ್ರು
ಎಲ್ಲರಿಗೂ ನಮಸ್ಕಾರ. ಮುಂದಿನ ಸೆಮಿಸ್ಟರ್‌ನಿಂದ ಹೊರಾಂಗಣ ಸಾಹಸ ಅನ್ನುವ ಐಚ್ಛಿಕ ವಿಷಯ ನನ್ನ ಹೆಗಲಿಗೆ ಬಿದ್ದಿದೆ. ವಾರಕ್ಕೊಂದು ತರಗತಿ, ಮೈದಾನದಲ್ಲಿ ಒಂದಿಷ್ಟು ಅಭ್ಯಾಸ, ಕೊನೆಗೆ ಎರಡು ರಾತ್ರಿ ಹೊರಗೆ. ಹೆಸರು ಕೊಟ್ಟವರಲ್ಲಿ ಅರ್ಧ ಜನ ಟೆಂಟ್ ಒಳಗೆ ಕಾಲಿಟ್ಟವರೇ ಅಲ್ಲ. ಉಳಿದವರಲ್ಲಿ ಕೆಲವರು ವಿಡಿಯೋ ನೋಡಿ ಎಲ್ಲ ಗೊತ್ತು ಅಂದುಕೊಂಡಿದ್ದಾರೆ. ನನಗೆ ಭಯ ಇರುವುದು ಈ ಎರಡನೇ ಗುಂಪಿನ ಬಗ್ಗೆಯೇ.

ಕಾಲೇಜಿನ ಮೇಲಿನವರಿಗೆ ಬಂಡೆ ಹತ್ತುವುದು, ಹಗ್ಗ ಹಿಡಿದು ಬಂಡೆಯಿಂದ ಇಳಿಯುವ ರ‍್ಯಾಪೆಲಿಂಗ್ ಬೇಕು. ಫೋಟೋ ಚೆನ್ನಾಗಿ ಬರುತ್ತದಂತೆ. ನನಗೆ ನಕ್ಷೆ, ಹವಾಮಾನ, ಪ್ರಥಮ ಚಿಕಿತ್ಸೆ ಮೊದಲು ಅನಿಸುತ್ತದೆ. ಯಾವುದರಿಂದ ಶುರು ಮಾಡಲಿ? ಜೊತೆಗೆ ಇದಕ್ಕೆ ಅಂಕ ಬೇರೆ ಕೊಡಬೇಕು. ಹೇಗೆ ಕೊಡುವುದು ಅಂತ ಅನುಭವಿಗಳು ಹೇಳಿ.

ಗಂಟುಕಳ್ಳ
ಹಗ್ಗದಿಂದಲೇ ಶುರು ಮಾಡಿ ಸರ್, ಯೋಚನೆ ಬೇಡ. ಮೊದಲ ತರಗತಿಯಲ್ಲಿ ನಕ್ಷೆ ಹರಡಿದರೆ ಎರಡನೇ ವಾರಕ್ಕೆ ಅರ್ಧ ಬೆಂಚು ಖಾಲಿ.

ಫೋಟೋ ಬಿಡಿ, ಬಿಲೇ, ಅಂದರೆ ಹತ್ತುವವರ ಹಗ್ಗವನ್ನು ಕೆಳಗಿನಿಂದ ಹಿಡಿದು ಕಾಯುವುದು, ಅದನ್ನು ಕಲಿಸುವುದಿದೆಯಲ್ಲ, ಅದಕ್ಕೆ ಸಮ ಬೇರೆ ಇಲ್ಲ. ಮೇಲೆ ಹತ್ತುತ್ತಿರುವವನ ಜೀವ ಕೆಳಗೆ ನಿಂತವನ ಕೈಯಲ್ಲಿ. ಅಲ್ಲಿಯವರೆಗೆ ತರಗತಿಯಲ್ಲಿ ಆಕಳಿಸುತ್ತಿದ್ದ ಹುಡುಗ ಆ ಹಗ್ಗ ಹಿಡಿದಾಗ ರೆಪ್ಪೆ ಬಡಿಯುವುದಿಲ್ಲ. ಹಗ್ಗವನ್ನು ತಡೆದು ಹಿಡಿಯುವ ಕೈ, ಅಂದರೆ ಬ್ರೇಕ್ ಕೈ, ಹಗ್ಗ ಬಿಡಬಾರದು, ಇದೊಂದೇ ಮಂತ್ರ. ಕಲಿಯುವವರ ಹಿಂದೆ ಇನ್ನೊಬ್ಬರು ಅದೇ ಬ್ರೇಕ್ ಹಗ್ಗ ಹಿಡಿದು ನಿಂತಿರಲಿ. ಹತ್ತುವ ಮುಂಚೆ ಪ್ರತಿ ಸಲ ಒಬ್ಬರದ್ದನ್ನೊಬ್ಬರು ನೋಡಬೇಕು: ಸೊಂಟಕ್ಕೆ ಕಟ್ಟುವ ಹಾರ್ನೆಸ್ ಪಟ್ಟಿಯ ಬಕಲ್, ಎಂಟರ ಆಕಾರದ ಗಂಟು, ಕ್ಯಾರಾಬಿನರ್ ಕೊಂಡಿ ಲಾಕ್ ಆಗಿದೆಯಾ, ಹೆಲ್ಮೆಟ್ ಪಟ್ಟಿ. ಕಣ್ಣಲ್ಲಿ ನೋಡಿದರೆ ಸಾಲದು, ಕೈಯಿಂದ ಮುಟ್ಟಿ ನೋಡಬೇಕು.

ಬರಿಗಾಲು
ಗಂಟುಕಳ್ಳರೇ, ನಿಮ್ಮ ಬಿಲೇ ಪಾಠ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಬಂಡೆ ಹತ್ತಿಸುವ ದಿನ ಹುಡುಗರು ತಾವಾಗಿ ಯೋಚಿಸಿ ತೀರ್ಮಾನ ಮಾಡುವುದು ಏನಿದೆ ಹೇಳಿ? ಹಗ್ಗವನ್ನು ಮೇಲೆ ಬಿಗಿದು ನಿಲ್ಲಿಸುವ ಆಂಕರ್ ಕಟ್ಟಿದ್ದು ನೀವು, ಹಗ್ಗ ಆರಿಸಿದ್ದು ನೀವು, ಜಾಗ ನೋಡಿದ್ದು ನೀವು, ಮಳೆ ಬಂದರೆ ನಿಲ್ಲಿಸುವುದೂ ನೀವೇ. ಅವರ ಪಾಲಿಗೆ ಬರುವುದು ಭಯಪಡುವುದು ಮತ್ತು ಚಪ್ಪಾಳೆ.

ಸೆಮಿಸ್ಟರ್ ಮುಗಿದ ಮೇಲೆ ಇವರು ತಾವಾಗಿಯೇ ಹೋಗುವುದು ಎಲ್ಲಿಗೆ? ನಾಲ್ಕು ಜನ ಗೆಳೆಯರು ಸೇರಿ ಯಾವುದೋ ಬೆಟ್ಟಕ್ಕೆ, ಯಾವುದೋ ಜಲಪಾತಕ್ಕೆ. ಆಗ ಜೊತೆಗೆ ಮೇಷ್ಟ್ರು ಇರುವುದಿಲ್ಲ. ಆ ದಿನಕ್ಕೆ ಏನು ಬೇಕೋ ಅದನ್ನು ಕಲಿಸಿ. ಎಷ್ಟೊತ್ತಿಗೆ ಹೊರಡಬೇಕು, ಎಲ್ಲಿಂದ ವಾಪಸ್ ತಿರುಗಬೇಕು, ಬೇಡ ಅಂತ ಯಾರು ಹೇಳಬೇಕು. ಇದು ಬರದವನಿಗೆ ಹತ್ತು ಗಂಟು ಬಂದರೂ ಪ್ರಯೋಜನ ಇಲ್ಲ.

ಕೊನೇಬೆಂಚು
ನಾನು ವಿದ್ಯಾರ್ಥಿ. ನಕ್ಷೆ ಅಂದರೆ ನಿಜಕ್ಕೂ ಬೋರ್ ಸರ್. ಫೋನ್ ಇದೆಯಲ್ಲ?

ನಕ್ಷೆಹುಚ್ಚ
ಬಂದರು ನೋಡಿ ಫೋನ್ ಸ್ವಾಮಿಗಳು 😄

ತಮ್ಮಾ, ಫೋನ್ ಬೇಡ ಅಂತ ಯಾರೂ ಹೇಳುತ್ತಿಲ್ಲ. ನೀನು ಎಲ್ಲಿದ್ದೀಯ ಅಂತ ಅದು ತೋರಿಸುತ್ತದೆ. ಮುಂದಿನ ಇಳಿಜಾರು ನಿನ್ನ ಗುಂಪಿಗೆ ಆಗುತ್ತದಾ ಇಲ್ಲವಾ ಅನ್ನುವುದನ್ನು ನಕ್ಷೆಯಲ್ಲಿ ಎತ್ತರ ತೋರಿಸುವ ಕಾಂಟೂರ್ ಗೆರೆ ಓದಿ ನೀನೇ ತೀರ್ಮಾನಿಸಬೇಕು. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಜಾಗ, ದೂರ ದೂರ ಇದ್ದರೆ ಸಮತಟ್ಟು. ಇಷ್ಟು ತಿಳಿಯಲು ಹತ್ತು ನಿಮಿಷ ಸಾಕು.

ಮೇಷ್ಟ್ರೇ, ಬೋರ್ ಆಗದ ಹಾಗೆ ಮಾಡುವ ದಾರಿ ಇದೆ. 1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ ಒಂದು ಸರಳ ಲೆಕ್ಕ ಕೊಟ್ಟರು. ನಡೆಯಲು ಗಂಟೆಗೆ ಸುಮಾರು 5 ಕಿಲೋಮೀಟರ್, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. 12 ಕಿಲೋಮೀಟರ್ ದಾರಿ, 900 ಮೀಟರ್ ಏರು ಅಂದರೆ ಹತ್ತಿರ ಹತ್ತಿರ 4 ಗಂಟೆ. ಪ್ರತಿ ತಂಡವೂ ಹೊರಡುವ ಮುಂಚೆ ಈ ಲೆಕ್ಕ ಮಾಡಿ ಚೀಟಿಯಲ್ಲಿ ಬರೆದು ಕೊಡಲಿ. ಸಂಜೆ ನಿಜವಾದ ಸಮಯದ ಜೊತೆ ಹೋಲಿಸಿ. ಯಾರ ಲೆಕ್ಕ ಹತ್ತಿರ ಬಂತು ಅಂತ ಪಂದ್ಯ ಇಡಿ, ಆಮೇಲೆ ನಕ್ಷೆ ಬಿಡು ಅಂದರೂ ಬಿಡುವುದಿಲ್ಲ.

ಬರಿಗಾಲು
ಒಂದು ತಿದ್ದುಪಡಿ. ನೈಸ್ಮಿತ್ ಲೆಕ್ಕ ಗಟ್ಟಿಮುಟ್ಟಾಗಿ ನಡೆಯುವವರಿಗೆ. ಅದರಲ್ಲಿ ವಿಶ್ರಾಂತಿ ಇಲ್ಲ, ಊಟ ಇಲ್ಲ, ಸೆಲ್ಫಿಯಂತೂ ಇಲ್ಲವೇ ಇಲ್ಲ. ಹೊಸಬರ ದೊಡ್ಡ ಗುಂಪು, ಬೆನ್ನ ಮೇಲೆ ಭಾರ ಅಂದರೆ ಅದರ ಒಂದೂವರೆ ಪಟ್ಟು ಹಿಡಿದುಕೊಳ್ಳಿ. ಗುಂಪಿನ ವೇಗ ಅಂದರೆ ಅತಿ ನಿಧಾನ ನಡೆಯುವವರ ವೇಗ.

ನಕ್ಷೆಹುಚ್ಚ
ಸರಿಯಾಗಿ ಹೇಳಿದಿರಿ. ಅದಕ್ಕೇ ಚೀಟಿ ಬರೆಸುವುದು. ತಮ್ಮ ಲೆಕ್ಕ ಎಷ್ಟು ತಪ್ಪಿತು ಅಂತ ಅವರೇ ನೋಡಲಿ.

ಕೊನೇಬೆಂಚು
ಆದರೂ ಜಿಪಿಎಸ್‌ಗೆ ನೆಟ್‌ವರ್ಕ್ ಬೇಡ ಅಲ್ವಾ? ಎಲ್ಲರೂ ಕಾಡಲ್ಲಿ ಸಿಗ್ನಲ್ ಇರಲ್ಲ ಅಂತ ಹೆದರಿಸುತ್ತಾರೆ.

ನಕ್ಷೆಹುಚ್ಚ
ಈ ಮಾತು ನಿಜ. ಉಪಗ್ರಹದ ಸಿಗ್ನಲ್‌ಗೂ ಮೊಬೈಲ್ ಟವರಿಗೂ ಸಂಬಂಧ ಇಲ್ಲ. ನಕ್ಷೆಯನ್ನು ಮೊದಲೇ ಇಳಿಸಿಕೊಂಡಿದ್ದರೆ ನಡೆಯುತ್ತದೆ. ಆದರೆ ಚಳಿಯಲ್ಲಿ ಬ್ಯಾಟರಿ ಬೇಗ ಕೂರುತ್ತದೆ, ಒದ್ದೆ ಬೆರಳಿಗೆ ಪರದೆ ಮಾತು ಕೇಳುವುದಿಲ್ಲ. ಕೈಯಲ್ಲಿ ಫೋನ್, ಚೀಲದಲ್ಲಿ ಕಾಗದ ಮತ್ತು ದಿಕ್ಸೂಚಿ. ಎರಡೂ ಇರಲಿ.

ಹಳೇಪುಟ
ಈ ಜಗಳಕ್ಕೆ ಎಂಬತ್ತು ವರ್ಷ ದಾಟಿದೆ. ಶಿಕ್ಷಣತಜ್ಞ ಕರ್ಟ್ ಹಾನ್ ಮತ್ತು ಹಡಗು ಕಂಪನಿಯ ಲಾರೆನ್ಸ್ ಹೋಲ್ಟ್ ಸೇರಿ 1941ರಲ್ಲಿ ವೇಲ್ಸ್‌ನ ಅಬರ್‌ಡೋವಿಯಲ್ಲಿ ಔಟ್‌ವರ್ಡ್ ಬೌಂಡ್ ಅನ್ನುವ ಸಾಹಸ ಶಾಲೆ ಶುರು ಮಾಡಿದರು. ಯುದ್ಧದ ಕಾಲ. ಹಡಗು ಮುಳುಗಿದಾಗ ಹಳೇ ನಾವಿಕರಿಗಿಂತ ಗಟ್ಟಿಮುಟ್ಟಾದ ಹುಡುಗರೇ ಬೇಗ ಕೈಚೆಲ್ಲುತ್ತಾರೆ ಅನ್ನುವುದು ಹೋಲ್ಟ್ ಅವರ ಚಿಂತೆ. ಹಾಗಾಗಿ ಅವರಿಗೆ ಬೇಕಾಗಿದ್ದದ್ದು ಮುಖ್ಯವಾಗಿ ಮನಸ್ಸು ಗಟ್ಟಿ ಮಾಡುವುದು.

1965ರಲ್ಲಿ ಅಮೆರಿಕದಲ್ಲಿ ನೋಲ್ಸ್ ಅನ್ನುವ ಹೊರಾಂಗಣ ನಾಯಕತ್ವದ ಶಾಲೆ ಕಟ್ಟಿದ ಪಾಲ್ ಪೆಟ್ಜೋಲ್ಟ್ ದಾರಿ ಬೇರೆ. 1938ರಲ್ಲೇ ಕೆ2 ಶಿಖರದ ದಂಡಯಾತ್ರೆಗೆ ಹೋಗಿ ಬಂದವರು. ಧೈರ್ಯ ತುಂಬಿದರೆ ಸಾಲದು, ಗುಂಪನ್ನು ಸರಿಯಾಗಿ ಕರೆದೊಯ್ಯುವ ಮುಂದಾಳುಗಳು ಬೇಕು ಅನ್ನುವುದು ಅವರ ನಿಲುವು. ಡೇರೆಯಲ್ಲಿ ಜೊತೆಗಿರುವವರ ಜೊತೆ ಹೇಗೆ ನಡೆದುಕೊಳ್ಳಬೇಕು ಅನ್ನುವುದನ್ನೂ ಅವರು ಕಲಿಸಬೇಕಾದ ಕೌಶಲ ಅಂತಲೇ ನೋಡಿದರು. ಮೇಷ್ಟ್ರ ಮುಂದಿರುವುದು ಇದೇ ಕವಲುದಾರಿ.

ಸುಮ್ನೆಕೇಳ್ದೆ
ಬೆಟ್ಟ ಹತ್ತಿದ ಕೂಡಲೇ ನಾಯಕತ್ವ ಬರುತ್ತದೆ ಅನ್ನುವುದೆಲ್ಲ ಕರಪತ್ರದ ಮಾತು. ನಮ್ಮ ಆಫೀಸಿನವರು ಕೂಡ ಕರೆದುಕೊಂಡು ಹೋಗಿದ್ದರು. ಹಗ್ಗದ ಮೇಲೆ ನೇತಾಡಿ ಬಂದೆವು. ಸೋಮವಾರ ಅದೇ ಬಾಸು, ಅದೇ ಜಗಳ.

ಹಳೇಪುಟ
ನೇತಾಡಿ ಬಂದ ಮೇಲೆ ಯಾರಾದರೂ ಕೂರಿಸಿ ಮಾತಾಡಿಸಿದರಾ? ಅದೇ ಬಿಟ್ಟುಹೋಗುವುದು. ಸಂಜೆ ಅರ್ಧ ಗಂಟೆ ಸುತ್ತ ಕೂತು ಮೂರೇ ಪ್ರಶ್ನೆ: ಏನಾಯಿತು, ಯಾಕೆ ಹಾಗಾಯಿತು, ನಾಳೆ ಏನು ಬದಲಾಯಿಸುತ್ತೀವಿ. ಮೇಷ್ಟ್ರು ಭಾಷಣ ಮಾಡದೆ ಬಾಯಿ ಮುಚ್ಚಿಕೊಂಡು ಕೂತರೆ ಇನ್ನೂ ಒಳ್ಳೆಯದು.

ಒಬ್ಬತಾಯಿ
ನನ್ನ ಮಗಳು ಇಂಥದ್ದೇ ಕೋರ್ಸ್ ತೆಗೆದುಕೊಂಡಿದ್ದಾಳೆ. ಕಾಲೇಜಿನಿಂದ ಒಂದು ಹಾಳೆ ಬಂತು, ಏನಾದರೂ ಆದರೆ ನಾವು ಜವಾಬ್ದಾರರಲ್ಲ ಅಂತ ಸಹಿ ಮಾಡಿ ಅಂದರು. ಅಷ್ಟೇ. ಎಲ್ಲಿಗೆ ಹೋಗುತ್ತಾರೆ, ಜೊತೆಗೆ ಯಾರು, ಹತ್ತಿರದ ಆಸ್ಪತ್ರೆ ಯಾವುದು, ಒಂದೂ ಇಲ್ಲ. ಮೇಷ್ಟ್ರೇ, ದಯವಿಟ್ಟು ನೀವು ಹೀಗೆ ಮಾಡಬೇಡಿ.

ಎಚ್ಚರಿಕೆಗಂಟೆ
ಅಮ್ಮಾ, ನಿಮ್ಮ ಪ್ರಶ್ನೆ ನೂರಕ್ಕೆ ನೂರು ಸರಿ. ಸಹಿ ಹಾಕಿಸಿಕೊಂಡ ಹಾಳೆ ಯಾರ ಜೀವವನ್ನೂ ಉಳಿಸುವುದಿಲ್ಲ.

1993ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಲೈಮ್ ಬೇಯಲ್ಲಿ ಒಂದು ಸಾಹಸ ಕೇಂದ್ರದ ಜೊತೆ ಕಯಾಕ್ ದೋಣಿ ಪ್ರವಾಸಕ್ಕೆ ಹೋದ ನಾಲ್ಕು ಮಕ್ಕಳು ಸತ್ತರು. ಆ ಕೇಂದ್ರದ ಸುರಕ್ಷತೆ ಸರಿ ಇಲ್ಲ ಅಂತ ಹಿಂದೆ ಅಲ್ಲಿ ಕೆಲಸ ಮಾಡಿದ ತರಬೇತುದಾರರು ಮೊದಲೇ ಪತ್ರ ಬರೆದು ಎಚ್ಚರಿಸಿದ್ದರು. ಆಮೇಲೆ 1995ರಲ್ಲಿ ಅಲ್ಲಿ ಕಾನೂನು ಬಂತು, ಇಂಥ ಕೇಂದ್ರಗಳಿಗೆ ಪರವಾನಗಿ ಕಡ್ಡಾಯವಾಯಿತು. 2008ರ ಏಪ್ರಿಲ್‌ನಲ್ಲಿ ನ್ಯೂಜಿಲೆಂಡಿನ ಮಂಗಟೆಪೋಪೋ ಕಮರಿಯಲ್ಲಿ ನೀರು ಏಕಾಏಕಿ ಏರಿ ಆರು ವಿದ್ಯಾರ್ಥಿಗಳು, ಒಬ್ಬ ಶಿಕ್ಷಕರು ಹೋದರು. ಜೋರು ಮಳೆಯ ಮುನ್ಸೂಚನೆ ಇತ್ತು. ಎರಡು ಕಡೆಯೂ ತೊಂದರೆ ಶುರುವಾಗಿದ್ದು ಹೊರಡುವ ಮುಂಚೆಯೇ.

ಗಂಟುಕಳ್ಳ
ಆ 1995ರ ಕಾನೂನು 18 ವರ್ಷದ ಒಳಗಿನವರಿಗೆ ಮಾತ್ರ ಅನ್ವಯ. ಕಾಲೇಜಿನವರು ಬಹಳಷ್ಟು ಜನ ಅದರಾಚೆ.

ಎಚ್ಚರಿಕೆಗಂಟೆ
ಹೌದು, ಸರಿ. ಅದಕ್ಕೇ ಕಾಲೇಜು ಮಟ್ಟದಲ್ಲಿ ಅಪಾಯ ಇನ್ನೂ ಜಾಸ್ತಿ ಅನ್ನುತ್ತೇನೆ. ದೊಡ್ಡವರಾಗಿದ್ದಾರೆ ಅಂತ ಎಲ್ಲರೂ ಕೈ ತೊಳೆದುಕೊಳ್ಳುತ್ತಾರೆ.

ಮೇಷ್ಟ್ರೇ, ಪ್ರತಿ ಪ್ರವಾಸಕ್ಕೂ ಒಂದು ಪುಟ ಸಾಕು. ದಾರಿ, ಬೇಗ ಹೊರಬರಲು ಬೇರೆ ದಾರಿ, ಯಾರಿಗೆ ಯಾವ ಕಾಯಿಲೆ ಅಥವಾ ಅಲರ್ಜಿ, ಎಷ್ಟೊತ್ತಿಗೆ ವಾಪಸ್ ಬರುತ್ತೀರಿ, ಬರದಿದ್ದರೆ ಕಾಲೇಜಿನಲ್ಲಿ ಯಾರು ಯಾರಿಗೆ ಫೋನ್ ಮಾಡಬೇಕು. ಇದನ್ನು ನೀವು ಬರೆಯಬೇಡಿ. ವಿದ್ಯಾರ್ಥಿಗಳ ಕೈಯಲ್ಲೇ ಬರೆಸಿ, ನೀವು ತಿದ್ದಿ.

ನೀರುನಾಯಿ
ನೀರಿನ ಬಗ್ಗೆ ಯಾರೂ ಹೇಳಲೇ ಇಲ್ಲ. ಕೋರ್ಸಿನಲ್ಲಿ ನೀರಿನ ಆಟ ಇಲ್ಲದಿದ್ದರೂ ದಾರಿಯಲ್ಲಿ ಹೊಳೆ ಸಿಗುತ್ತದೆ, ಹುಡುಗರು ಇಳಿಯುತ್ತಾರೆ. ಎರಡೇ ಮಾತು ಕಲಿಸಿ. ರಭಸದ ನೀರಿನಲ್ಲಿ ಬಿದ್ದರೆ ನಿಲ್ಲಲು ಹೋಗಬಾರದು. ಪಾದ ಕಲ್ಲಿನ ಸಂದಿಗೆ ಸಿಕ್ಕಿಕೊಂಡರೆ ಹರಿವು ಮೈಯನ್ನು ಮುಂದಕ್ಕೆ ಮಡಚಿ ಮುಳುಗಿಸುತ್ತದೆ, ನೀರು ಸೊಂಟದಷ್ಟೇ ಇದ್ದರೂ. ಅಂಗಾತ ತೇಲಬೇಕು, ಕಾಲು ಹರಿವಿನ ದಿಕ್ಕಿಗೆ, ಕಾಲ್ಬೆರಳು ನೀರಿನ ಮೇಲೆ ಕಾಣಬೇಕು. ಎರಡನೇದು, ಮುಳುಗುತ್ತಿರುವವರನ್ನು ಕಾಪಾಡಲು ಹಾರಬಾರದು. ಕೋಲು ಚಾಚು, ಹಗ್ಗ ಎಸೆ. ಗೆಳೆಯನ ಹಿಂದೆ ಹಾರಿ ಇಬ್ಬರೂ ಹೋದ ಸುದ್ದಿ ಎಷ್ಟು ಓದಿಲ್ಲ ನಾವು.

ಎಸೆಯುವ ಹಗ್ಗದ ಚೀಲ ಒಂದಿದ್ದರೆ ಮೈದಾನದಲ್ಲೇ ಅಭ್ಯಾಸ ಮಾಡಿಸಬಹುದು. ಒಬ್ಬ ಓಡುತ್ತಿರಲಿ, ಇನ್ನೊಬ್ಬ ಅವನಿಗೆ ಎಸೆಯಲಿ. ತರಗತಿಯೂ ಆಯಿತು, ಆಟವೂ ಆಯಿತು.

ನರ್ಸಕ್ಕ
ಪ್ರಥಮ ಚಿಕಿತ್ಸೆಯನ್ನು ಸ್ಲೈಡ್ ಹಾಕಿ ಕಲಿಸಬೇಡಿ ಸರ್. ಹಾವು, ಮೂಳೆ ಮುರಿತ, ಎಲ್ಲ ದೊಡ್ಡ ದೊಡ್ಡ ವಿಷಯವನ್ನೇ ಹೇಳುತ್ತಾರೆ. ದಿನಾ ಆಗುವುದು ಕಾಲಿನ ಬೊಬ್ಬೆ, ಉಳುಕು, ಬಿಸಿಲು, ಭೇದಿ.

ಚಳಿಯಿಂದ ಮೈ ತಣ್ಣಗಾಗುವುದಕ್ಕೆ ಹಿಮ ಬೀಳಬೇಕಿಲ್ಲ. ಒದ್ದೆ ಬಟ್ಟೆ, ಗಾಳಿ, ಖಾಲಿ ಹೊಟ್ಟೆ ಇಷ್ಟೇ ಸಾಕು. ಮೊದಲು ಗೊಣಗುತ್ತಾರೆ, ಆಮೇಲೆ ಕೈ ತಡಕಾಡುತ್ತದೆ, ಜಿಪ್ ಹಾಕಲು ಬರುವುದಿಲ್ಲ, ಮಾತು ತೊದಲುತ್ತದೆ, ಎಡವುತ್ತಾರೆ. ಇದನ್ನು ಸೋಮಾರಿತನ ಅಂದುಕೊಂಡು ಬೈಯುವ ಲೀಡರ್‌ಗಳನ್ನು ನೋಡಿದ್ದೇನೆ.

ಬಿಸಿಲಲ್ಲಿ ಇದರ ಉಲ್ಟಾ. ಬಿಸಿಲಲ್ಲಿ ನಡೆದ ಮನುಷ್ಯ ಅಸಂಬದ್ಧ ಮಾತಾಡಲು ಶುರು ಮಾಡಿದ, ಮೈ ಕಾದಿದೆ ಅಂದರೆ ಶಾಖಾಘಾತ. ಬೆವರು ಇದ್ದರೂ ಆಗಬಹುದು. ಆಗ ಮೊದಲು ತಂಪು ಮಾಡಬೇಕು, ಆಮೇಲೆ ಸಾಗಿಸಬೇಕು. ನೀರಲ್ಲಿ ಮುಳುಗಿಸಿ, ಇಲ್ಲದಿದ್ದರೆ ಪೂರ್ತಿ ನೆನೆಸಿ ಗಾಳಿ ಹಾಕಿ. ಗಾಡಿ ಬರಲಿ ಅಂತ ಕಾಯುತ್ತಾ ಕೂರಬೇಡಿ.

ಕೊನೇಬೆಂಚು
ಅಕ್ಕಾ, ಬೊಬ್ಬೆ ಒಡೆಯಬೇಕಾ ಬೇಡ್ವಾ?

ನರ್ಸಕ್ಕ
ನೋಯದಿದ್ದರೆ ಮುಟ್ಟಬೇಡ. ಅದಕ್ಕಿಂತ ಮುಂಚೆ, ಕಾಲು ಉರಿ ಅನಿಸಿದ ಕೂಡಲೇ ನಿಂತು ಟೇಪ್ ಹಾಕು. ಎಲ್ಲರೂ ಮುಂದೆ ಹೋಗುತ್ತಾರೆ ಅಂತ ನಾಚಿಕೊಂಡು ನಡೆಯುವುದೇ ತೊಂದರೆ.

ಗೊರಕೆರಾಯ
ಕಾಟನ್ ಸಾಕ್ಸ್ ಹಾಕಿಕೊಂಡು ಬರುವವರನ್ನು ಗೇಟಿನಿಂದಲೇ ವಾಪಸ್ ಕಳಿಸಿ. ಅರ್ಧ ಬೊಬ್ಬೆ ಕಮ್ಮಿ.

ಬರಿಗಾಲು
ಗೊರಕೆ ಹೊಡೆಯುವವರನ್ನೂ ಕಳಿಸೋಣ ಅಂತೀರಾ?

ಗೊರಕೆರಾಯ
ಅದು ಮೂಲಭೂತ ಹಕ್ಕು 😌

ಮಳೆಹುಡುಗಿ
ಇಷ್ಟುದ್ದ ಚರ್ಚೆಯಲ್ಲಿ ಒಬ್ಬರೂ ಶೌಚದ ಬಗ್ಗೆ ಹೇಳಿಲ್ಲ. ನಾನು ಹೇಳುತ್ತೇನೆ.

ಹೊರಗೆ ಹೋದಾಗ ಹುಡುಗಿಯರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಎಲ್ಲಿ ಹೋಗುವುದು ಅನ್ನುವ ಚಿಂತೆ. ಮಧ್ಯಾಹ್ನದ ಹೊತ್ತಿಗೆ ತಲೆನೋವು, ಸುಸ್ತು. ಆಮೇಲೆ ಹುಡುಗಿಯರಿಗೆ ಸ್ಟ್ಯಾಮಿನಾ ಇಲ್ಲ ಅನ್ನುತ್ತಾರೆ. ಮುಟ್ಟಿನ ವಿಷಯ ಕೇಳಲೇಬೇಡಿ. ನಾನು ಹೋದ ಒಂದು ಶಿಬಿರದಲ್ಲಿ ಅದನ್ನು ಹುಡುಗಿಯರನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದರು. ಯಾಕೆ? ಎಲ್ಲರ ಮುಂದೆ, ಮೊದಲ ತರಗತಿಯಲ್ಲೇ, ಗಂಟು ಕಲಿಸಿದಷ್ಟೇ ಸಲೀಸಾಗಿ ಹೇಳಿ. ನಾಳೆ ತಂಡದ ಲೀಡರ್ ಆಗುವ ಹುಡುಗನಿಗೂ ಇದು ಗೊತ್ತಿರಬೇಕು.

ಹೇಳಬೇಕಾದ್ದು ಕಷ್ಟದ್ದೇನಲ್ಲ. ನೀರು, ದಾರಿ, ಟೆಂಟ್ ಮೂರರಿಂದಲೂ ಸುಮಾರು 60 ಮೀಟರ್ ದೂರ. 15ರಿಂದ 20 ಸೆಂಟಿಮೀಟರ್ ಆಳದ ಗುಂಡಿ, ಆಮೇಲೆ ಮಣ್ಣು ಮುಚ್ಚುವುದು. ಪ್ಯಾಡ್ ಹೂಳಬಾರದು, ಸುಡಬಾರದು, ಗಟ್ಟಿ ಚೀಲದಲ್ಲಿ ಹಾಕಿ ವಾಪಸ್ ತರಬೇಕು. ದಾರಿಯಲ್ಲಿ ಪ್ರತಿ ಗಂಟೆಗೊಮ್ಮೆ ನಿಂತು, ಐದು ನಿಮಿಷ ಯಾರಿಗೆ ಏನು ಬೇಕೋ ಮಾಡಿಕೊಳ್ಳಿ ಅಂದರೆ ಸಾಕು, ಯಾರೂ ಬಾಯಿಬಿಟ್ಟು ಕೇಳಬೇಕಾಗಿಲ್ಲ. ಮತ್ತೆ, ಹಾರ್ನೆಸ್ ಎಲ್ಲರ ಮೈಗೂ ಹೊಂದುವ ಅಳತೆಯಲ್ಲಿ ತರಿಸಿ. ಆಗಲ್ಲ ಅಂತ ಎಲ್ಲರೆದುರು ಬಿಚ್ಚಿಸಿದರೆ ಆ ಹುಡುಗಿ ಇನ್ನೊಮ್ಮೆ ಬರುವುದಿಲ್ಲ.

ನರ್ಸಕ್ಕ
ಇದನ್ನು ಮೇಲಕ್ಕೆ ಪಿನ್ ಮಾಡಿ ಯಾರಾದರೂ.

ಹೊಸಮೇಷ್ಟ್ರು
ಮಳೆಹುಡುಗಿಯವರೇ, ಇದು ನನ್ನ ಪಟ್ಟಿಯಲ್ಲೇ ಇರಲಿಲ್ಲ. ಮೊದಲ ತರಗತಿಗೇ ಹಾಕುತ್ತೇನೆ. ಅಂಕದ ವಿಷಯ ಯಾರೂ ಮುಟ್ಟಿಲ್ಲ ಇನ್ನೂ 🙏

ಸುಮ್ನೆಕೇಳ್ದೆ
ಪಾಸ್ ಅಥವಾ ಫೇಲ್ ಮಾಡಿ ಸರ್. ಸಾಹಸಕ್ಕೆ ನೂರಕ್ಕೆ ಎಪ್ಪತ್ತೆರಡು ಅಂತ ಯಾರಾದರೂ ಕೊಡುತ್ತಾರಾ?

ಗಂಟುಕಳ್ಳ
ಗಂಟಿಗೆ, ಬಿಲೇಗೆ ಪಾಸ್ ಅಥವಾ ಫೇಲೇ ಸರಿ. ಅಲ್ಲಿ ತೊಂಬತ್ತು ಪರ್ಸೆಂಟ್ ಸರಿ ಅನ್ನುವುದು ಇಲ್ಲ. ಆದರೆ ಎಷ್ಟು ಎತ್ತರ ಹತ್ತಿದ ಅನ್ನುವುದಕ್ಕೆ ಮಾತ್ರ ಅಂಕ ಬೇಡ. ಅಂಕ ಇಟ್ಟರೆ ಬೇಡ ಅನ್ನಬೇಕಾದ ಹುಡುಗ ಬೇಡ ಅನ್ನುವುದಿಲ್ಲ. ಪ್ರಾಜೆಕ್ಟ್ ಅಡ್ವೆಂಚರ್ ಅನ್ನುವ ಸಂಸ್ಥೆಯ ಕಾರ್ಲ್ ರೋಂಕಿ ಇದನ್ನೇ ಹೇಳುತ್ತಿದ್ದರು, ಸವಾಲು ಎಷ್ಟು ಬೇಕು ಅನ್ನುವುದನ್ನು ಕಲಿಯುವವರೇ ಆರಿಸಿಕೊಳ್ಳಬೇಕು ಅಂತ.

ಸುಮ್ನೆಕೇಳ್ದೆ
ಹಾಗಾದರೆ ಇಡೀ ಸೆಮಿಸ್ಟರ್ ಕೆಳಗೆ ನಿಂತು ಬೇಡ ಸರ್ ಬೇಡ ಸರ್ ಅಂದವನೂ ಪಾಸಾ?

ಗಂಟುಕಳ್ಳ
ಹತ್ತುವುದು ಬೇಡ ಅನ್ನಬಹುದು, ಸುಮ್ನೆ ಕೂರುವಂತಿಲ್ಲ. ಬಿಲೇ ಮಾಡಲಿ, ಹಗ್ಗ ಪರೀಕ್ಷೆ ಮಾಡಲಿ, ಸಮಯ ಬರೆಯಲಿ. ನಾನು ಕಂಡ ಒಳ್ಳೇ ಬಿಲೇ ಮಾಡುವವರಲ್ಲಿ ಎತ್ತರಕ್ಕೆ ಹೆದರುವವರು ಸುಮಾರು ಜನ ಇದ್ದಾರೆ. ತಮಗೆ ಭಯ ಇರುವುದರಿಂದ ಇನ್ನೊಬ್ಬರ ಹಗ್ಗವನ್ನು ಎರಡು ಸಲ ನೋಡುತ್ತಾರೆ.

ಬರಿಗಾಲು
ಈಗ ನನ್ನ ದಾರಿಗೆ ಬಂದಿರಿ. ನಾನಾದರೆ ಜಾಸ್ತಿ ಅಂಕ ಇಡುವುದು ತೀರ್ಮಾನಕ್ಕೆ. ಪ್ರತಿ ದಿನ ಇಬ್ಬರು ವಿದ್ಯಾರ್ಥಿಗಳು ಲೀಡರ್. ನಕ್ಷೆ ಅವರ ಕೈಯಲ್ಲಿ, ಮೇಷ್ಟ್ರು ಗುಂಪಿನ ಕೊನೆಯಲ್ಲಿ. ಜೀವಕ್ಕೆ ಅಪಾಯ ಇಲ್ಲ ಅಂದರೆ ತಪ್ಪು ದಾರಿ ಹಿಡಿದರೂ ಬಾಯಿ ಬಿಡಬಾರದು. ಅರ್ಧ ಗಂಟೆ ತಪ್ಪಿ ನಡೆದು ತಾವೇ ಕಂಡುಹಿಡಿದರೆ ಅದಕ್ಕಿಂತ ಪಾಠ ಬೇಡ. ಹೊರಡುವ ಮುಂಚೆಯೇ ವಾಪಸ್ ತಿರುಗುವ ಗಂಟೆ ಬರೆಸಿ. ಅಷ್ಟೊತ್ತಿಗೆ ತುದಿ ನೂರು ಮೀಟರ್ ದೂರದಲ್ಲಿದ್ದರೂ ತಿರುಗಿದ ತಂಡಕ್ಕೆ ಪೂರ್ತಿ ಅಂಕ. ತುದಿ ಮುಟ್ಟಿ ಕತ್ತಲಲ್ಲಿ ಬಂದ ತಂಡಕ್ಕೆ ಕಡಿತ. ಇದನ್ನು ಮೊದಲೇ ಹೇಳಿಬಿಡಿ.

ಕೊನೇಬೆಂಚು
ಅನ್ಯಾಯ! ಅಷ್ಟು ಹತ್ತಿರ ಹೋಗಿ ಯಾರು ವಾಪಸ್ ಬರುತ್ತಾರೆ?

ಬರಿಗಾಲು
ಅದೇ ಪ್ರಶ್ನೆ. ಇಯಾನ್ ಮೆಕ್ಯಾಮನ್ ಅನ್ನುವವರು ಅಮೆರಿಕದಲ್ಲಾದ 700ಕ್ಕೂ ಹೆಚ್ಚು ಹಿಮಕುಸಿತದ ಅಪಘಾತಗಳ ದಾಖಲೆ ನೋಡಿ 2004ರಲ್ಲಿ ಬರೆದರು. ಅಪಾಯದ ಗುರುತು ಕಣ್ಣಿಗೆ ಕಾಣುವಂತಿದ್ದರೂ ಜನ ಮುಂದೆ ಹೋಗಿದ್ದರು. ಜಾಗ ಪರಿಚಯದ್ದು ಅಂತ, ಹೊರಟಾಗಿದೆ ಅಂತ, ಮುಂದಿರುವವನಿಗೆ ಗೊತ್ತಿರುತ್ತದೆ ಅಂತ, ಬೇರೆಯವರೂ ಹೋಗುತ್ತಿದ್ದಾರೆ ಅಂತ. ಹಿಮ ಇಲ್ಲದ ಕಡೆಯೂ ಹುಡುಗರು ಕೊಡುವ ಕಾರಣ ಇವೇ ಅಲ್ವಾ? ಸಂಜೆ ಕೂತಾಗ ಕೇಳಿ, ಇವತ್ತು ನಾವು ಇದರಲ್ಲಿ ಯಾವುದಕ್ಕೆ ಬಿದ್ದೆವು ಅಂತ.

ಎಚ್ಚರಿಕೆಗಂಟೆ
ಒಂದು ವಿರೋಧ ಇದೆ. ತಪ್ಪು ದಾರಿ ಹಿಡಿದರೂ ಸುಮ್ಮನಿರಿ ಅಂದಿರಿ. ಹೊಸ ಮೇಷ್ಟ್ರಿಗೆ ಯಾವ ತಪ್ಪು ಸಣ್ಣದು, ಯಾವುದು ದೊಡ್ಡದು ಅಂತ ಹೇಗೆ ಗೊತ್ತಾಗಬೇಕು? ಆ ದಾರಿಯನ್ನು ಅವರು ಮೊದಲೇ ನಡೆದು ನೋಡಿರಬೇಕು. ಎಲ್ಲಿ ತಪ್ಪಿದರೆ ಪರವಾಗಿಲ್ಲ, ಎಲ್ಲಿ ಬಾಯಿ ಬಿಡಲೇಬೇಕು ಅಂತ ತಮ್ಮ ನಕ್ಷೆಯಲ್ಲಿ ಗುರುತು ಹಾಕಿಕೊಂಡಿರಬೇಕು.

ಬರಿಗಾಲು
ಒಪ್ಪಿದೆ. ಅದಿಲ್ಲದಿದ್ದರೆ ನಾನು ಹೇಳಿದ್ದು ಮಾಡಲೇಬಾರದು. ಜೊತೆಗೆ ಅನುಭವ ಇರುವ ಇನ್ನೊಬ್ಬರು ಬೇಕೇ ಬೇಕು. ಮೇಷ್ಟ್ರಿಗೇ ಕಾಲು ಉಳುಕಿದರೆ ಏನು ಮಾಡುತ್ತೀರಿ?

ಹೊಸಮೇಷ್ಟ್ರು
ಇಬ್ಬರು ಬೇಕು ಅಂತ ಪತ್ರ ಬರೆಯುತ್ತೇನೆ. ಒಪ್ಪದಿದ್ದರೆ ರಾತ್ರಿ ತಂಗುವುದನ್ನೇ ಕೈಬಿಡುತ್ತೇನೆ. ಗಂಟುಕಳ್ಳರೇ, ಬಂಡೆ ಇರಲಿ, ಆದರೆ ಸೆಮಿಸ್ಟರಿನ ಮಧ್ಯಕ್ಕೆ.

ಗಂಟುಕಳ್ಳ
ಮಧ್ಯಕ್ಕೆ ಅಂದರೆ ಆಯಿತು ಬಿಡಿ. ಹಗ್ಗ ತರಿಸುವಾಗ ಮಾತ್ರ ನೋಡಿ. ಹತ್ತುವವರು ಬೀಳುವಾಗ ಹಿಗ್ಗುವ ಡೈನಾಮಿಕ್ ಹಗ್ಗ ಬೇಕು. ಹಿಗ್ಗದ ಸ್ಟ್ಯಾಟಿಕ್ ಹಗ್ಗ ಇಳಿಯಲು ಸರಿ. ಮತ್ತೆ ರ‍್ಯಾಪೆಲಿಂಗ್‌ನಲ್ಲಿ ಹಗ್ಗದ ತುದಿಗೆ ಗಂಟು ಹಾಕದೆ ಯಾರನ್ನೂ ಇಳಿಸಬೇಡಿ. ತುದಿಯಿಂದ ಜಾರಿ ಬಿದ್ದವರಲ್ಲಿ ಪಳಗಿದವರೂ ಇದ್ದಾರೆ.

ಗೊರಕೆರಾಯ
ಗುಡುಗು ಬಂದರೆ? ನಮ್ಮ ಗುಂಪಿನಲ್ಲಿ ದೊಡ್ಡ ಮರದ ಕೆಳಗೆ ನಿಂತಿದ್ದರು ಎಲ್ಲ.

ನಕ್ಷೆಹುಚ್ಚ
ಒಂಟಿ ಮರ, ಬೆಟ್ಟದ ತುದಿ, ನೀರು ಮೂರೂ ಬೇಡ. ಮಿಂಚು ಕಂಡ ಮೇಲೆ 30 ಸೆಕೆಂಡ್ ಒಳಗೆ ಗುಡುಗು ಕೇಳಿದರೆ ಅದು 10 ಕಿಲೋಮೀಟರ್ ಒಳಗಿದೆ ಅಂತ ಅರ್ಥ, ತಕ್ಷಣ ಕೆಳಗಿಳಿಯಿರಿ. ಕಟ್ಟಡ ಅಥವಾ ಮುಚ್ಚಿದ ಗಾಡಿ ಸಿಕ್ಕರೆ ಒಳಗೆ ಸೇರಿ. ಕೊನೆಯ ಗುಡುಗು ಆಗಿ 30 ನಿಮಿಷದವರೆಗೆ ಹೊರಡಬೇಡಿ. ಟೆಂಟ್ ಒಳಗಿದ್ದರೆ ಸೇಫ್ ಅಂದುಕೊಳ್ಳಬೇಡಿ.

ಮಳೆಹುಡುಗಿ
ಶಿಳ್ಳೆಯ ಲೆಕ್ಕವನ್ನೂ ಹೇಳಿಕೊಡಿ. ಒಂದು ನಿಮಿಷದಲ್ಲಿ ಆರು ಸಲ ಊದಬೇಕು, ಒಂದು ನಿಮಿಷ ಬಿಟ್ಟು ಮತ್ತೆ ಆರು. ಕೇಳಿಸಿಕೊಂಡವರು ಮೂರು ಸಲ ಊದಿ ಉತ್ತರ ಕೊಡಬೇಕು. ರಾತ್ರಿ ಟಾರ್ಚ್‌ಗೂ ಇದೇ ಲೆಕ್ಕ.

ಕೊನೇಬೆಂಚು
ನಮ್ಮ ಕ್ಲಾಸಿನವರ ಕೈಗೆ ಶಿಳ್ಳೆ ಕೊಟ್ಟರೆ ದಿನವಿಡೀ ಊದುತ್ತಾರೆ ಅಕ್ಕಾ.

ಮಳೆಹುಡುಗಿ
ಸುಮ್ನೆ ಊದಿದವರಿಗೆ ಆ ರಾತ್ರಿ ಪಾತ್ರೆ ತೊಳೆಯುವ ಕೆಲಸ. ಎರಡನೇ ದಿನಕ್ಕೆ ಎಲ್ಲ ತಣ್ಣಗಾಗುತ್ತಾರೆ.

ಗೊರಕೆರಾಯ
ಶಿಳ್ಳೆ ಚೀಲದ ತಳದಲ್ಲಿ ಇಟ್ಟರೆ ಪ್ರಯೋಜನ ಇಲ್ಲ, ಎದೆಯ ಪಟ್ಟಿಗೆ ಕಟ್ಟಿಸಿ. ಸುಮಾರು ಬ್ಯಾಗುಗಳಲ್ಲಿ ಆ ಪಟ್ಟಿಯ ಬಕಲ್ಲೇ ಶಿಳ್ಳೆ ಆಗಿರುತ್ತದೆ, ನೋಡಿಕೊಳ್ಳಿ.

ಕೊನೇಬೆಂಚು
ಅಯ್ಯೋ, ನನ್ನ ಬ್ಯಾಗಲ್ಲೂ ಇದೆ! ಇಷ್ಟು ದಿನ ಅದು ಏನು ಅಂತಲೇ ಗೊತ್ತಿರಲಿಲ್ಲ. ಈಗಷ್ಟೇ ಊದಿದೆ, ರೂಮ್‌ಮೇಟ್ ಬೈಯುತ್ತಿದ್ದಾನೆ.

ಮಳೆಹುಡುಗಿ
ಪಾತ್ರೆ ತೊಳಿ ಹೋಗು.